ಟೈಮ್ ಕೀಪರನ ಮೊಮ್ಮಗಳ ಓಟ

ಮುಂಬಯಿಯ ಭಾಂಡುಪಿನ ಒಂದು ಕಾರ್ಖಾನೆಯ ಗೇಟಿನಲ್ಲಿ ನಾನು ಮೂವತ್ತು ವರ್ಷ ಟೈಮ್ ಕೀಪರ್ ಆಗಿದ್ದೆ. ಬಂದವರ ಕಾರ್ಡು ನೋಡುವುದು, ತಡವಾದವರನ್ನು ವಾಪಸು ಕಳಿಸುವುದು ಕೆಲಸ. “ಒಳಗ ನಡಿ”, “ಮನಿಗೆ ನಡಿ” ಎಂಬ ಎರಡು ಮಾತಿನಲ್ಲಿ ನೌಕರಿ ಮುಗಿಯಿತು. ಐದು ನಿಮಿಷ ಕೊಡ್ರಿ ಎಂದು ಕೈಮುಗಿದವರು ಬಹಳ. ಯಾರಿಗೂ ಕೊಟ್ಟವನಲ್ಲ. ನಿವೃತ್ತಿಯಾದ ಮೇಲೆ ಎರಡು ಮಾತೂ ಬೇಕಾಗಲಾರದು ಎಂದುಕೊಂಡಿದ್ದೆ. ಆದರೆ ಮನೆಯಲ್ಲಿ ಓಡುವ ಮೊಮ್ಮಗಳೊಬ್ಬಳಿದ್ದರೆ ವಾರಕ್ಕೊಂದಾದರೂ ಏನಾದರೂ ಆಗುತ್ತಲೇ ಇರುತ್ತದೆ.

ಪಾಲಕರ ಭೇಟಿ

ಮೊಮ್ಮಗಳು ಪರೇಲಿನ ಕಾಲೇಜಿನಲ್ಲಿ ಎರಡನೇ ವರ್ಷ. ಬೆಳಿಗ್ಗೆ ಐದಕ್ಕೆ ಓಡಲು ಹೋಗುತ್ತಾಳೆ. ಏಳಕ್ಕೆ ಬರುತ್ತಾಳೆ. ಒಂಬತ್ತರ ಕ್ಲಾಸು ನಡೆಯುವಾಗ ಮನೆಯಲ್ಲಿ ಮಲಗಿರುತ್ತಾಳೆ. ಹಾಜರಿ ಅರ್ಧಕ್ಕಿಂತ ಕೆಳಗಿಳಿಯಿತು. ಪಾಲಕರನ್ನು ಕರೆದುಕೊಂಡು ಬಾ ಎಂದರು ಕಾಲೇಜಿನವರು. ಅವಳು ಅಪ್ಪನಿಗೆ ಹೇಳಲಿಲ್ಲ. ನನ್ನನ್ನು ಎಬ್ಬಿಸಿ ಲೋಕಲ್ ರೈಲಿಗೆ ಹತ್ತಿಸಿದಳು.

“ನನ್ನ ಯಾಕ?” ಎಂದೆ.

“ಪಪ್ಪಾ ಬಹಳ ಬಾತ್ ಮಾಡ್ತಾರ ಅಜ್ಜಾ. ನೀ ಮಾಡಂಗಿಲ್ಲ. ಪರ್ಫೆಕ್ಟ್ ಇದ್ದೀ.”

ಕಾಲೇಜಿನ ಸರ್ ಅರ್ಧ ಗಂಟೆ ಮಾತಾಡಿದರು. ನಾನು ಹೂಂ ಎಂದೆ. ಕೊನೆಗೆ ಒಂದು ದಾರಿ ತೋರಿಸಿದರು. ಮುಂದಿನ ತಿಂಗಳು ಇಪ್ಪತ್ತೊಂದು ಕಿಲೋಮೀಟರಿನ ಓಟವಿದೆ. ಮೂರು ಗಂಟೆಯೊಳಗೆ ಮುಗಿಸಿ ಸರ್ಟಿಫಿಕೇಟು ತಂದರೆ ಕ್ರೀಡೆಯ ಲೆಕ್ಕದಲ್ಲಿ ಹಾಜರಿ ತುಂಬಿಕೊಡುತ್ತಾರೆ. ತರದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ವರ್ಷ ಹೋಯಿತು.

ಏಳುವಾಗ ಸರ್ ಕೇಳಿದರು, “ಆಜೋಬಾ, ನೀವು ಯಾವ ಕೆಲಸದಲ್ಲಿದ್ದಿರಿ?”

“ಟೈಮ್ ಕೀಪರ್,” ಎಂದೆ.

ಸರ್ ನನ್ನನ್ನು ನೋಡಿದರು. ಅವಳನ್ನು ನೋಡಿದರು. ಆಮೇಲೆ ಒಂದು ಲೋಟ ನೀರು ಕುಡಿದರು.

ಟ್ರಂಕು

ರಾತ್ರಿ ಫೋನು ದೂರವಿಟ್ಟರೆ ನಿದ್ದೆ ಚೆನ್ನಾಗಿ ಬರುತ್ತದೆ, ನಿದ್ದೆ ಬಂದರೆ ಕಾಲು ಚೆನ್ನಾಗಿ ಓಡುತ್ತದೆ ಎಂದು ಅವಳಿಗೆ ಯಾರೋ ಹೇಳಿದರು. ಫೋನು ತಂದು ನನ್ನ ಕೈಗೆ ಕೊಟ್ಟಳು.

“ಅಜ್ಜಾ, ಟ್ರಂಕಿನಾಗ ಇಟ್ಟು ಕೀಲಿ ಹಾಕು. ನಾ ಅತ್ರೂ ಕೊಡಬ್ಯಾಡ. ಸ್ಟ್ರಿಕ್ಟ್ ಇರು.”

ನನಗೆ ಯಾರೂ ಹಾಗೆ ಹೇಳಿಕೊಡಬೇಕಾಗಿಲ್ಲ. ತಗಡಿನ ಟ್ರಂಕು. ಕೀಲಿ ಬನಿಯನ್ನಿನ ಕಿಸೆಗೆ. ಇಪ್ಪತ್ತು ನಿಮಿಷ ಕಳೆಯಿತು. ಬಂದು ನಿಂತಳು.

“ಒಂದ ಮೆಸೇಜ್ ಅಜ್ಜಾ.”

“ಮನಿಗೆ ನಡಿ.”

“ಮನಿಯಾಗ ಇದ್ದೀನಿ.”

“ಹಂಗಾದ್ರ ಮಲಕೋ.”

ಮಲಗಿದಳು. ನಾನೂ ಮಲಗಿದೆ. ನನಗೆ ಒಂದೇ ಕಿವಿ ಕೇಳುತ್ತದೆ. ಅದನ್ನು ದಿಂಬಿಗೆ ಒತ್ತಿ ಮಲಗುವುದು ರೂಢಿ. ಓಟಕ್ಕೆ ಏಳಲು ಅವಳು ಇಡುವ ಅಲಾರ್ಮು ಅದೇ ಫೋನಿನಲ್ಲಿದೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ. ನಾಲ್ಕೂವರೆಗೆ ಅದು ಟ್ರಂಕಿನೊಳಗೆ ಶುರುವಾಯಿತು. ತಗಡಿನ ಪೆಟ್ಟಿಗೆ ಅದಕ್ಕೆ ಇನ್ನಷ್ಟು ದನಿ ಕೊಟ್ಟಿತು.

ನನ್ನ ಹೆಂಡತಿ ಅಲುಗಾಡಿಸಿದಾಗ ಎದ್ದೆ. ಬಾಗಿಲಲ್ಲಿ ಜನ. ಎದುರು ಖೋಲಿಯ ಮುದುಕಿ ಶಾಲು ಹೊದ್ದು ಟ್ರಂಕಿನತ್ತ ಬೆರಳು ತೋರಿಸಿ, “ಕಾಕಾ, ಅದರೊಳಗೆ ಯಾರನ್ನಿಟ್ಟೀರಿ?” ಎಂದು ಮರಾಠಿಯಲ್ಲಿ ಕೇಳಿದಳು.

ಇಡೀ ಚಾಳು ಎದ್ದಿತ್ತು. ಓಡಬೇಕಾದವಳೊಬ್ಬಳು ಮಾತ್ರ ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು.

ಗುಡಿಯ ಮೆಟ್ಟಿಲು

ನಮ್ಮ ಗುಡ್ಡದ ಮೇಲೊಂದು ಮಾರುತಿ ಗುಡಿಯಿದೆ. ಪೂಜಾರಿ ಬಾಗಲಕೋಟೆ ಕಡೆಯವರು. ಒಂದು ದಿನ ತರಕಾರಿ ಗಾಡಿಯ ಹತ್ತಿರ ನನ್ನನ್ನು ತಡೆದರು.

“ಯಜಮಾನ್ರ, ನಿಮ್ಮ ಹುಡುಗಿ ದಿನಾ ಗುಡಿಗೆ ಬರ್ತಾಳ. ಭಾಳ ಸಂತೋಷ. ಆದ್ರ ಏನು ಮಾಡ್ತಾಳ ಗೊತ್ತೇನು? ಮೆಟ್ಟಲಾ ಮುಟ್ಟತಾಳ, ಗಡಿಯಾರ ನೋಡತಾಳ, ಹೊಳ್ಳಿ ಓಡತಾಳ. ಒಳಗ ದೇವರು ಅದಾನ ಅಂತ ಹೇಳ್ರಿ.”

ಹೇಳಿದೆ.

“ಹನುಮಾನ್‌ಜೀ ಭೀ ರನ್ನರ್ ಅಜ್ಜಾ. ಅವ್ರಿಗೆ ತಿಳೀತದ,” ಎಂದಳು.

ಅಜ್ಜಿಗೆ ತಿಳಿಯಲಿಲ್ಲ. ಚಪಾತಿ ಲಟ್ಟಿಸುವುದನ್ನು ಬಿಟ್ಟು ಎದ್ದಳು. “ಇವತ್ತಿನಿಂದ ದೇವರ ಮುಂದ ಹಾದು ಹೋಗೂವಾಗ ನಿಂತು ಕೈ ಮುಗೀಬೇಕು. ಚಪ್ಪಲಿ ಬೂಟು ತಗದು. ಮಾತು ಕೊಡು.”

“ಯಾವ ದೇವರು?”

“ಯಾವ ದೇವರಾದ್ರೂ.”

ಹುಡುಗಿ ಮಾತು ಕೊಟ್ಟಳು. ಕೊಟ್ಟ ಮಾತು ತಪ್ಪುವವಳಲ್ಲ. ಮುಂಬಯಿಯಲ್ಲಿ ಒಟ್ಟು ಎಷ್ಟು ದೇವರಿದ್ದಾರೆ ಎಂದು ಅಜ್ಜಿಗೆ ಅಂದಾಜಿರಲಿಲ್ಲ.

ಮೂರು ಗಂಟೆ

ಓಟದ ದಿನ ನಾನೂ ಹೆಂಡತಿಯೂ ಕೊನೆಯ ಗೆರೆಯ ಹತ್ತಿರ ನಿಂತೆವು. ಓಟ ಶುರುವಾದದ್ದು ಆರಕ್ಕೆ. ಒಂಬತ್ತಕ್ಕೆ ಮುಗಿಯಬೇಕು. ಮನೆಯ ಹತ್ತಿರ ಅಭ್ಯಾಸ ಮಾಡುವಾಗ ಅವಳು ಎರಡೂವರೆ ಗಂಟೆಯಲ್ಲಿ ಮುಗಿಸುತ್ತಿದ್ದಳು. ನಾನೇ ಟೈಮ್ ಹಿಡಿದಿದ್ದೆ. ಎಂಟೂವರೆ ಆಯಿತು. ಬರಲಿಲ್ಲ. ಎಂಟೂ ಮುಕ್ಕಾಲು. ಹೆಂಡತಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ನಾನು ಗಡಿಯಾರ ಬಿಟ್ಟು ಬೇರೆ ಏನೂ ನೋಡಲಿಲ್ಲ. ಮೂವತ್ತು ವರ್ಷ ನೋಡಿದ್ದೇನೆ, ಮುಳ್ಳು ಅಷ್ಟು ಜೋರಾಗಿ ಓಡಿದ್ದನ್ನು ಕಂಡಿರಲಿಲ್ಲ.

ಎಂಟು ಐವತ್ತೆಂಟಕ್ಕೆ ಗೆರೆ ದಾಟಿದಳು. ಎರಡು ನಿಮಿಷ ಉಳಿದಿತ್ತು.

“ಯಾಕ ತಡಾ?” ಎಂದೆ.

ಅಲ್ಲೇ ನೆಲದ ಮೇಲೆ ಕೂತು ಬೆರಳು ಮಡಿಸಿದಳು. “ಗಣಪತಿ ದೋ. ಮಾರುತಿ ತೀನ್. ದೇವಿ ಒಂದು. ದರ್ಗಾ ಒಂದು. ಚರ್ಚ್ ಒಂದು. ಚರ್ಚಿನಾಗ ಪ್ರೇಯರ್ ನಡದಿತ್ತು ಅಜ್ಜಾ. ಅರ್ಧಕ್ಕ ಬಿಟ್ಟು ಬಂದ್ರ ಬರಾಬರ್ ಕಾಣಂಗಿಲ್ಲ.”

“ಬೂಟು?”

“ಎಲ್ಲಾ ಕಡೆ ತಗದೆ. ಹೊಳ್ಳಿ ಲೇಸ್ ಕಟ್ಟೋದ್ರಾಗ ಟೈಮ್ ಹೋತು.”

ಹೆಂಡತಿ ಕಣ್ಣೊರೆಸಿಕೊಂಡಳು. “ನೋಡ್ರಿ, ದೇವರು ಟೈಮಿಗೆ ಸರಿಯಾಗಿ ತಂದು ಮುಟ್ಟಿಸಿದ.”

“ತಡಾ ಮಾಡಿದಾವ ಯಾರು ಮತ್ತ?” ಎಂದೆ. ವಾಪಸು ಬರುವಾಗ ಹೆಂಡತಿ ನನ್ನನ್ನು ಬಿಟ್ಟು ಹೆಂಗಸರ ಡಬ್ಬಿ ಹತ್ತಿದಳು.

ಹರಕೆ

ಸರ್ ಸರ್ಟಿಫಿಕೇಟು ನೋಡಿ ಹಾಜರಿ ತುಂಬಿಕೊಟ್ಟರು. ವರ್ಷ ಉಳಿಯಿತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಸಂಜೆ ಚಹಾ ಕೊಡುವಾಗ ಹೆಂಡತಿ ಬಾಯಿ ಬಿಟ್ಟಳು.

“ಅಲ್ಲಿ ನಿಂತಾಗ ಹರಕಿ ಹೊತ್ತೀನ್ರಿ. ಹುಡುಗಿ ಟೈಮಿಗೆ ಬಂದ್ರ ಮಾರುತಿಗೆ ನೂರಾ ಎಂಟು ಪ್ರದಕ್ಷಿಣಿ ಅಂತ.”

“ಹಾಕು.”

“ನಿಮ್ಮ ಹೆಸರಿಲೆ ಹೊತ್ತೀನಿ.”

“ನಂದ್ಯಾಕ?”

“ನನ್ನ ಮೊಣಕಾಲು ನೋಯ್ತಾವಲ್ರಿ.”

ಶನಿವಾರ ಹತ್ತೂವರೆಗೆ ಶುರು ಮಾಡಿದೆ. ಹೆಂಡತಿ ನೂರಾ ಎಂಟು ಕಡಲೆಕಾಳು ಎಣಿಸಿ ತಂದಿದ್ದಳು. ಸುತ್ತಿಗೊಂದು ಕಾಳು ಈ ಬಟ್ಟಲಿನಿಂದ ಆ ಬಟ್ಟಲಿಗೆ. ಮೊಮ್ಮಗಳು ತನ್ನ ಗಡಿಯಾರ ಕಟ್ಟಿಕೊಂಡು, ಬಾಳೆಹಣ್ಣು ನೀರು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಳು.

“ಮೊದಲ ಜೋರು ಬ್ಯಾಡ ಅಜ್ಜಾ. ಉಸಿರು ಮೂಗಿನಿಂದ ತಗೋ. ಬ್ಯೂಟಿಫುಲ್.”

ಇಪ್ಪತ್ತರವರೆಗೆ ಏನೂ ಅನಿಸಲಿಲ್ಲ. ನಲವತ್ತಕ್ಕೆ ಬಾಳೆಹಣ್ಣು ತಿಂದೆ. ಅರವತ್ತರಿಂದ ಮಾರುತಿ ಪ್ರತಿ ಸುತ್ತಿಗೂ ಸ್ವಲ್ಪ ದೂರ ಹೋದಂತೆ ಕಂಡ. ಎಂಬತ್ತಕ್ಕೆ ಗೋಡೆ ಹಿಡಿದೆ. ತೊಂಬತ್ತೆಂಟಕ್ಕೆ ಪೂಜಾರಿ ಕೀಲಿಕೈ ಹಿಡಿದುಕೊಂಡು ಬಂದರು.

“ಯಜಮಾನ್ರ, ಹನ್ನೆರಡಾತು. ಗೇಟ್ ಹಾಕಬೇಕು. ಉಳದದ್ದು ಸಂಜಿಕ್ಕ ಮಾಡ್ರಿ.”

“ನಡುವ ಬಿಟ್ರ ನಡಿಯಂಗಿಲ್ರಿ,” ಎಂದಳು ಹೆಂಡತಿ. “ಮತ್ತ ಒಂದರಿಂದ ಶುರು ಮಾಡಬೇಕಾಗ್ತದ.”

ನಾನು ಗೋಡೆ ಬಿಡಲಿಲ್ಲ. ಬಟ್ಟಲಲ್ಲಿ ಹತ್ತು ಕಾಳು ಉಳಿದಿದ್ದವು. ಗೇಟು ನೋಡಿದೆ. ಕೀಲಿ ನೋಡಿದೆ.

“ಐದು ನಿಮಿಷ ಕೊಡ್ರಿ,” ಎಂದೆ.

ಹೆಂಡತಿಯ ಕೈ ಬಟ್ಟಲಿನ ಮೇಲೆಯೇ ನಿಂತಿತು. ಪೂಜಾರಿ ಏನು ಮಾಡಲಿ ಎನ್ನುವಂತೆ ಮೊಮ್ಮಗಳ ಕಡೆ ತಿರುಗಿದರು. ಅವಳು ನಗಲಿಲ್ಲ. ಬಹಳ ಗಂಭೀರವಾಗಿ ಎದ್ದು ನಿಂತಳು.

“ಕೊಡ್ರಿ ಪೂಜಾರಿಜೀ. ಅಜ್ಜ ಮೂವತ್ತು ವರ್ಷ ಯಾರಿಗೂ ಕೊಟ್ಟಿಲ್ಲ. ಎಲ್ಲಾ ಹಂಗ ಉಳದಾವ.”

ಹತ್ತು ಸುತ್ತಿಗೆ ಹನ್ನೊಂದು ನಿಮಿಷ ಹಿಡಿಯಿತು. ಗಡಿಯಾರ ಅವಳ ಕೈಯಲ್ಲಿತ್ತು. ಪೂಜಾರಿ ಎಷ್ಟಾಯಿತು ಎಂದು ಕೇಳಿದರು.

“ಬರೋಬ್ಬರಿ ಐದು,” ಎಂದಳು.