ಟೆಂಟಿನ ಪರದೆಗೆ ಆರತಿ

"ಆ ಕೌದಿ ಬಿಸಲಿಗೆ ಹಾಕ್ರಿ. ನಾತ ಹಿಡದೈತಿ."

ನನ್ನ ಹೆಂಡತಿ ನನಗೆ ಹೇಳಿದ ಕಡೇ ಮಾತು ಇದು. ಕಡೇ ಗಳಿಗೆಯಲ್ಲಿ ಮಂದಿ ಏನೇನೋ ದೊಡ್ಡ ಮಾತು ಹೇಳುತ್ತಾರಂತೆ. ನನ್ನಾಕೆ ಕೌದಿ ಅಂದಳು. ಹೊತ್ತು ಮುಳುಗಿತ್ತು. "ಈಗೆಲ್ಲಿ ಬಿಸಲು, ನಾಳೆ ಹಾಕತೀನಿ" ಅಂದೆ. ಆಕೆ ಗೋಡೆ ಕಡೆ ಮಗ್ಗಲು ತಿರುಗಿದಳು. ಅಷ್ಟೇ.

ಆ ಕೌದಿಯ ಮೇಲೆಲ್ಲ ಆಕೆಯ ಹಳೇ ಸೀರೆಯ ತುಂಡು. ಕೆಳಗಿನ ಪದರು ಮಾತ್ರ ಬಿಳಿ. ಅದು ನಮ್ಮ ಟೆಂಟ್ ಸಿನಿಮಾದ ಪರದೆ. ಅದರ ಮೇಲೆ ಒಂದು ಕೆಂಪು ಕಲೆ ಇದೆ. ಆ ಕಲೆ ಹೇಗೆ ಬಿತ್ತು ಅಂತ ಹೇಳಬೇಕಾದರೆ ಎಪ್ಪತ್ತೊಂದರ ಯುದ್ಧದ ವರ್ಷದಿಂದ ಹೇಳಬೇಕು.

ನಾನು ಆ ಟೆಂಟಿನ ಗೇಟ್‌ಕೀಪರ್. ಟೆಂಟ್ ಲಿಂಗಸುಗೂರಲ್ಲಿ ಕೆಲವು ತಿಂಗಳು, ಮಸ್ಕಿಯಲ್ಲಿ ಕೆಲವು ತಿಂಗಳು, ಸಿಂಧನೂರಲ್ಲಿ ಕೆಲವು ತಿಂಗಳು. ಟೆಂಟ್ ಎಲ್ಲೋ ನಮ್ಮ ಒಲೆ ಅಲ್ಲಿ. ನಗೋ ಸಂಗತಿ ಹುಡುಕಿಕೊಂಡು ನಾವು ಎಲ್ಲೂ ಹೋಗಲಿಲ್ಲ. ಗೇಟಿನಲ್ಲಿ ನಿಂತರೆ ಅವೇ ಬರುತ್ತಿದ್ದವು, ಟಿಕೆಟ್ ಇಲ್ಲದೆ.

ಆಕೆಗೆ ತವರು ಅಂತ ಇದ್ದವನು ಒಬ್ಬನೇ ತಮ್ಮ. ತಾಯಿ ಸತ್ತ ಮೇಲೆ ಆಕೆಯೇ ಟೊಂಕದ ಮೇಲೆ ಹೊತ್ತು ಬೆಳೆಸಿದವನು. ಮಿಲಿಟರಿ ಸೇರಿದ್ದ. ಯುದ್ಧ ಹತ್ತಿತು. ಅವನ ಸುದ್ದಿ ನಿಂತಿತು.

ಕಿವಿಗೆ ಹರಕೆ ಇಲ್ಲ

ನನ್ನಾಕೆಗೆ ಸಿನಿಮಾ ಹುಚ್ಚು ಬಹಳ. ಆದರೆ ಒಂದು ದಿನವೂ ಗೇಟಿನಿಂದ ಬಂದವಳಲ್ಲ. ಟೆಂಟಿನ ಬಟ್ಟೆ ಎತ್ತಿ ಕೆಳಗಿಂದ ನುಸುಳುತ್ತಿದ್ದಳು. "ಗೇಟಿನಾಗ ಬಂದ್ರ ಮಾಲಕ ನಿಮಗ ಬೈತಾನ" ಅಂತಿದ್ದಳು. ಗಂಡನ ಮರ್ಯಾದೆ ಕಾಯಲಿಕ್ಕೆ ಮಣ್ಣಲ್ಲಿ ತೆವಳಿದ ಹೆಂಗಸು.

ಯುದ್ಧ ಹತ್ತಿದಾಗ ಟೆಂಟ್ ಮಸ್ಕಿಯಲ್ಲಿತ್ತು. ಆಕೆ ಗುಡ್ಡದ ಮಲ್ಲಯ್ಯನಿಗೆ ಹರಕೆ ಹೊತ್ತಳು. ತಮ್ಮ ಬರುವತನಕ ಸಿನಿಮಾ ನೋಡುವುದಿಲ್ಲ.

ಹರಕೆ ಹೊತ್ತು ಎರಡು ದಿನವಾಗಿಲ್ಲ, ಟೆಂಟಿನ ಹಿಂದೆ ಹೋದರೆ ಅಲ್ಲಿ ಕೂತಿದ್ದಾಳೆ. ಬೆನ್ನು ಬಟ್ಟೆಗೆ, ಮಡಿಲಲ್ಲಿ ಮೊರ, ಮೊರದಲ್ಲಿ ಸಜ್ಜೆ. ಹಸನು ಮಾಡುತ್ತಾ ಒಳಗಿನ ಮಾತಿಗೆ ಕಣ್ಣೀರು ಸುರಿಸುತ್ತಿದ್ದಾಳೆ.

"ಏನಬೇ ಇದು? ಹರಕಿ?"

"ಹರಕಿ ಕಣ್ಣಿಗೆ ಹೊತ್ತೀನಿ. ಕಿವಿಗಲ್ಲ."

"ಮಲ್ಲಯ್ಯ ಒಪ್ಪತಾನೇನು?"

"ನಿಮ್ಮ ಮೈಕಿನ ಹಾಡು ದಿನಾ ಗುಡ್ಡದ ಮ್ಯಾಲ ಕೇಳಸ್ತೈತಿ. ಅವನೂ ಬರೇ ಕೇಳತಾನ, ನೋಡಾಂಗಿಲ್ಲ."

ಆಮೇಲೆ ಮನೆಗೆ ಬಂದು ನನಗೆ ಪರೀಕ್ಷೆ. "ಅಳೋ ಹೊತ್ತಿನಾಗ ಆಕಿ ಯಾವ ಬಣ್ಣದ ಸೀರಿ ಉಟ್ಟಿದ್ಲು?" ಸಿನಿಮಾ ಕಪ್ಪು ಬಿಳುಪು. "ಬಿಳೇದು" ಅಂದೆ. "ನಿಮಗ ಗೇಟ್ ಕಾಯೋದ ಸರಿ, ದಿನಾ ಬಿಳೇದ ಅಂತೀರಿ" ಅಂದಳು.

ಹೆಸರು ಹೇಳದ ರೇಡಿಯೋ

ಬಸ್‌ಸ್ಟ್ಯಾಂಡಿನ ಹೋಟೆಲ್ಲಿನಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಸುದ್ದಿ ಹೊತ್ತಿಗೆ ಗಂಡಸರೆಲ್ಲ ಅಲ್ಲಿ. ಹೆಂಗಸರು ಹೋಟೆಲ್ ಒಳಗೆ ಹೋಗುವ ಕಾಲ ಅದಲ್ಲ. ನನ್ನಾಕೆ ತುಂಬಿದ ಕೊಡ ತಲೆ ಮೇಲೆ ಇಟ್ಟುಕೊಂಡು ರಸ್ತೆಯಲ್ಲೇ ನಿಲ್ಲುತ್ತಿದ್ದಳು. ಸುದ್ದಿ ಮುಗಿಯುವತನಕ ಕೊಡ ಇಳಿಸುತ್ತಿರಲಿಲ್ಲ.

ಒಂದು ದಿನ ಹೋಟೆಲ್ ಮಾಲಕನನ್ನು ಕೇಳಿಯೇ ಬಿಟ್ಟಳು. "ಅಣ್ಣಾರ, ಇಷ್ಟು ದಿನಾತು, ರೇಡಿಯೋದಾಗ ನನ್ನ ತಮ್ಮನ ಹೆಸರ ಹೇಳವಲ್ರಲ್ಲ?"

ಅವನು ಒಳ್ಳೆಯ ಮನುಷ್ಯ. ಸೌಟು ಕೆಳಗಿಟ್ಟು ಹೇಳಿದ. "ಹೆಸರ ಹೇಳಲಿಲ್ಲಂದ್ರ ಆರಾಮ ಅದಾನ ಅಂತ ತಿಳಕೋ ತಂಗಿ. ಆರಾಮ ಇದ್ದವರ ಹೆಸರ ಎಷ್ಟಂತ ಹೇಳತಾರ?"

ಆಕೆಗೆ ಅದು ಸರಿ ಅನಿಸಿತು. ಅವತ್ತಿನಿಂದ ದಿನಾ ಬರುವುದು, ರೇಡಿಯೋ ತಮ್ಮನ ಹೆಸರು ಹೇಳದೇ ಇರುವುದು, ಈಕೆ ಖುಷಿಯಿಂದ ಮನೆಗೆ ಹೋಗುವುದು.

ಒಂದು ಸಂಜೆ ಟ್ರಾನ್ಸಿಸ್ಟರಿನ ಸೆಲ್ಲು ಮುಗಿದು ಹೋಯಿತು. ಒಂದು ಸೊಲ್ಲು ಬರಲಿಲ್ಲ. ಗಂಡಸರೆಲ್ಲ ತಲೆ ಮೇಲೆ ಕೈ ಹೊತ್ತರು. ನನ್ನಾಕೆ ಮಾತ್ರ ಮುಖ ಅರಳಿಸಿಕೊಂಡು ಬಂದಳು.

"ಇವತ್ತ ಬಾಳ ಚಲೋ ಸುದ್ದಿರಿ. ಯಾರ ಹೆಸರೂ ಹೇಳಲಿಲ್ಲ. ಎಲ್ಲಾರೂ ಆರಾಮ ಅದಾರ."

ತೂತಿಗೊಂದು ಕಣ್ಣು

ಮಸ್ಕಿ ಎಲ್ಲಿ, ಗಡಿ ಎಲ್ಲಿ. ಆದರೂ ಒಂದು ದಿನ ಪೊಲೀಸಪ್ಪ ಬಂದ. ಕತ್ತಲಾದ ಮೇಲೆ ಟೆಂಟಿನಿಂದ ಬೆಳಕು ಹೊರಗೆ ಕಾಣಬಾರದು ಅಂದ.

ಮಾಲಕ ಕೇಳಿದ, "ವಿಮಾನಕ್ಕ ಮಸ್ಕಿ ಗೊತ್ತೈತೇನ್ರಿ ಸಾಹೇಬ್ರ?"

"ಹಟ್ಟಿ ಗೊತ್ತಿರತೈತಿ. ಬಂಗಾರದ ಗಣಿ. ಹಟ್ಟಿಗೆ ಹೊಂಟಿದ್ದು ದಾರಿ ತಪ್ಪಿ ಇಲ್ಲೇ ಹಾಕಿದ್ರ?"

ನಮ್ಮ ಟೆಂಟ್ ಅಂದರೆ ಬಟ್ಟೆಗಿಂತ ತೂತೇ ಹೆಚ್ಚು. ಮೊದಲನೇ ಆಟ ಶುರುವಾಯಿತು. ಪೊಲೀಸಪ್ಪ ಲಾಠಿ ಹಿಡಿದು ಟೆಂಟಿಗೆ ಸುತ್ತು ಹೊರಟ. ಹಿಂದೆ ನಾನು.

ಒಂದು ಮಗ್ಗಲು ನೋಡಿದ. ಕತ್ತಲೆ. ಇನ್ನೊಂದು ಮಗ್ಗಲು ನೋಡಿದ. ಅದೂ ಕತ್ತಲೆ. "ಶಭಾಷ್. ತೂತೆಲ್ಲ ಹೊಲಿಸಿದಿ?" ಅನ್ನುತ್ತಲೇ ಯಾರದೋ ಬೆನ್ನಿಗೆ ಮುಗ್ಗರಿಸಿದ. ನೋಡಿದರೆ ತೂತಿಗೊಬ್ಬ ಬಗ್ಗಿ ಕಣ್ಣು ಅಂಟಿಸಿ ನಿಂತಿದ್ದಾನೆ. ದಿನಾ ಪುಕ್ಕಟೆ ನೋಡುವ ಮಂದಿ.

"ಯಾರಲೇ ಇವರು?"

"ತೂತು ಮುಚ್ಚಾಕ ನಿಂತವರ್ರಿ" ಅಂದೆ.

ಹಿಂದಿನ ಮೂಲೆಯಲ್ಲಿ ಮಾತ್ರ ಒಂದು ತೂತಿನಿಂದ ಬೆಳಕು ಚಿಮ್ಮುತ್ತಿತ್ತು. ಅದರ ಮಗ್ಗುಲಲ್ಲಿ ನನ್ನಾಕೆ ಕಿವಿ ಕೊಟ್ಟು ಕೂತಿದ್ದಳು.

"ಏ ಬಾಯಿ, ಬೆಳಕ ಬರಾಕತ್ತೈತಿ. ಕಣ್ಣ ಇಡು."

"ಇಡಂಗಿಲ್ರಿ. ಹರಕಿ ಐತಿ."

"ದೇಶದ ಪ್ರಶ್ನೆ ಐತಿ!"

"ನನ್ನ ತಮ್ಮನೂ ದೇಶಕ್ಕ ಹೋಗ್ಯಾನ. ಅಷ್ಟಿದ್ರ ನೀವ ಇಡ್ರಿ."

ಪೊಲೀಸಪ್ಪ ಆ ಕಡೆ ಈ ಕಡೆ ನೋಡಿದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಬಗ್ಗಿ ಕಣ್ಣಿಟ್ಟ. ಆಟ ಮುಗಿಯುವತನಕ ಎದ್ದೇಳಲಿಲ್ಲ. ಆಮೇಲೆ ಸೊಂಟ ಹಿಡಿದುಕೊಂಡು ನೆಟ್ಟಗಾಗಿ ನನ್ನ ಕಿವಿಯಲ್ಲಿ ಕೇಳಿದ.

"ಮತ್ತ ಚೆಕ್ ಮಾಡಾಕ ಬರಬೇಕು. ಪಿಕ್ಚರ್ ಯಾವತ್ತ ಬದಲಾಗತೈತಿ?"

ಹೊಡೆದವನೇ ಓಡಿದ

ಸಿನಿಮಾಕ್ಕೆ ಮುಂಚೆ ಸುದ್ದಿಯ ರೀಲು ತೋರಿಸುವುದು ಕಾಯಿದೆ. ದೊಡ್ಡ ಊರುಗಳೆಲ್ಲ ತಿರುಗಿ ಸವೆದ ಮೇಲೆ ನಮ್ಮ ಟೆಂಟಿಗೆ ಬರುತ್ತಿತ್ತು. ಅದರ ಮಾತು ಹಿಂದಿ. ನಮಗ್ಯಾರಿಗೂ ತಿಳಿಯದು. ನಿಜಾಮನ ಕಾಲದಲ್ಲಿ ಕಚೇರಿ ಜವಾನ ಆಗಿದ್ದ ಒಬ್ಬ ಅಜ್ಜ ಮುಂದಿನ ಮರಳಲ್ಲಿ ಕೂಡುತ್ತಿದ್ದ. ಉರ್ದು ಬಲ್ಲವ. ಎಲ್ಲರಿಗೂ ಅವನೇ ಅರ್ಥ ಹೇಳಬೇಕು. ಅವನ ಅರ್ಥ ಯಾವಾಗಲೂ ಒಂದೇ: "ನಮ್ಮೋರು ಗೆದ್ರು." ದನದ ಜಾತ್ರೆ ತೋರಿಸಿದರೂ ನಮ್ಮವರೇ ಗೆಲ್ಲುತ್ತಿದ್ದರು.

ಟೆಂಟಿನ ಹೊರಗಿಂದ ನನ್ನಾಕೆ ಕೂಗುವಳು. "ಯಜ್ಜಾ, ನನ್ನ ತಮ್ಮ ಕಾಣಸ್ತಾನೇನು?"

"ಇಲ್ಲವ್ವಾ. ಇವತ್ತ ಬಂದಿಲ್ಲ."

ಮರುದಿನ ಮತ್ತೆ ಅದೇ ಕೂಗು.

ಒಮ್ಮೆ ರೀಲಿನಲ್ಲಿ ಕ್ರಿಕೆಟ್ ಬಂತು. ನಮ್ಮವರು ಪರದೇಶಕ್ಕೆ ಹೋಗಿ ಗೆದ್ದ ಆಟವಂತೆ. ಮಸ್ಕಿಯಲ್ಲಿ ಆಗ ಕ್ರಿಕೆಟ್ ಕಂಡವರು ಯಾರು? ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಕ್ಯಾಂಪು ಹಾಕಿದ ರೈತನೊಬ್ಬ ಅಜ್ಜನ ಪಕ್ಕ ಕೂತಿದ್ದ.

"ಎವರು ತಾತಾ ವೀಳ್ಳು? ಇವರು ಯಾವ ಪಲ್ಟನ್ನು?"

"ಬಿಳೀ ಪಲ್ಟನ್ನು" ಅಂದ ಅಜ್ಜ.

ಪರದೆ ಮೇಲೆ ಒಬ್ಬ ಚೆಂಡು ಬಾರಿಸಿದ. ಬಾರಿಸಿ ಓಡಿದ.

"ಅಲ್ಲ ತಾತಾ, ಹೊಡದಾವ ಯಾಕ ಓಡಾಕತ್ತಾನ?"

ಅಜ್ಜ ಬೀಡಿ ಎಳೆದು ವಿಚಾರ ಮಾಡಿದ. "ಹೊಡದು ಅಲ್ಲೇ ನಿಂತ್ರ ಪೊಲೀಸರು ಹಿಡಿಯಾಂಗಿಲ್ಲೇನು?"

"ಮತ್ತ ಎದುರಿಗೆ ನಿಂತಾವ? ಅಂವ ಹೊಡದೇ ಇಲ್ಲ, ಅಂವನೂ ಓಡಾಕತ್ತಾನ."

"ಅಂವ ಸಾಕ್ಷಿ."

ಸಾಲಿನಲ್ಲಿ ಎರಡನೆಯವ

ಯುದ್ಧ ಮುಗಿಯಿತು. ಮಸ್ಕಿಯಲ್ಲಿ ಸಕ್ಕರೆ ಹಂಚಿದರು. ನನ್ನಾಕೆ ತನ್ನ ಪಾಲು ತಿನ್ನಲಿಲ್ಲ, ಡಬ್ಬಿಯಲ್ಲಿ ಹಾಕಿ ಇಟ್ಟಳು. "ಅಂವ ಬರಲಿ" ಅಂದಳು. ದಿನ ಹೋದವು. ರೇಡಿಯೋ ಯುದ್ಧದ ಸುದ್ದಿ ಬಿಟ್ಟು ಮಳೆ ಬೆಳೆ ಸುದ್ದಿಗೆ ಹೋಯಿತು. ಆಕೆ ಕೊಡ ಹೊತ್ತು ನಿಲ್ಲುವುದು ಬಿಡಲಿಲ್ಲ, ಆದರೆ ಖುಷಿಯಿಂದ ಬರುವುದು ನಿಂತಿತು.

ಹೋಳಿ ಹೊತ್ತಿಗೆ ಯುದ್ಧದ ರೀಲು ನಮ್ಮ ಟೆಂಟಿಗೆ ಬಂತು. ಗೇಟಿನಲ್ಲಿ ನಿಂತು ನೋಡಿದೆ. ರೈಲಿನಿಂದ ಜವಾನರು ಇಳಿಯುತ್ತಾರೆ. ಅದರಲ್ಲೊಬ್ಬ, ದಪ್ಪ ಮೀಸೆ, ಎಡಗಡೆ ಹೆಗಲು ಇಳಿಬಿಟ್ಟ ನಡಿಗೆ. ನಮ್ಮ ಹುಡುಗನದೇ ನಡಿಗೆ.

ಮನೆಗೆ ಹೋಗಿ ಹೇಳಿದೆ. "ನಿನ್ನ ತಮ್ಮನಂಗ ಒಬ್ಬಾವ ಕಾಣಸ್ತಾನ. ಖರೇನೋ ಏನೋ, ದೇವರಿಗೆ ಗೊತ್ತು."

ಆಕೆ ಅಳಲಿಲ್ಲ. "ನಾಳೆ ಬರತೀನಿ" ಅಂದಳು.

"ಹರಕಿ?"

"ತಮ್ಮನ್ನ ನೋಡೋದು ಸಿನಿಮಾ ಅಲ್ಲ."

ಮರುದಿನ ಬಂದಳು. ಜರತಾರಿ ಸೀರೆ, ಕೈಯಲ್ಲಿ ಆರತಿ ತಟ್ಟೆ. ಜೀವನದಲ್ಲಿ ಮೊದಲ ಸಲ ಗೇಟಿನಿಂದ ಬಂದಳು. ನಾನು ಟಿಕೆಟ್ ಕೇಳಲಿಲ್ಲ. ಮಾಲಕನೂ ಕೇಳಲಿಲ್ಲ. ಅವನೇ ದಾರಿ ಬಿಡಿಸಿದ.

ರೀಲು ಬಂತು. ರೈಲು ಬಂತು. ಮೀಸೆಯವನು ಇಳಿದ. ನನ್ನಾಕೆ ಪರದೆಯ ಮುಂದೆ ನಿಂತು ಆರತಿ ಎತ್ತಿದಳು. ಅಂವನ ಹಣೆಗೆ ಕುಂಕುಮ ಹಚ್ಚಲಿಕ್ಕೆ ಹೋದರೆ ಅಂವ ನಡೆದೇ ಬಿಟ್ಟ. ಒದ್ದೆ ಕುಂಕುಮ ಪರದೆಗೆ ಮೆತ್ತಿತು. "ಲೇ ನಿಂದರೋ, ನಿಂದರೋ" ಅನ್ನುತ್ತಾ ಅಂವನ ಸಂಗಡ ಅಡ್ಡಡ್ಡ ನಡೆದಳು. ಟೆಂಟಿನಲ್ಲಿ ಯಾರೂ ನಗಲಿಲ್ಲ. ಅಜ್ಜ ಮೆಲ್ಲಗೆ ಎದ್ದು ನಿಂತ.

ಆಗ ನನ್ನ ಭುಜದ ಮೇಲೆ ಯಾರೋ ಕೈ ಇಟ್ಟರು. "ಮಾವಾ, ಒಳಗ ಬಿಡತೀರೋ, ಟಿಕೆಟ್ ತಗೋಬೇಕೋ?"

ತಿರುಗಿದೆ. ಟ್ರಂಕ್ ಹೊತ್ತು ನಿಂತಿದ್ದಾನೆ. ಆಕೆಯ ತಮ್ಮ. ಮೀಸೆ ಬೋಳಿಸಿದ್ದಾನೆ. ಲಿಂಗಸುಗೂರಿಗೆ ಪತ್ರ ಬರೆದಿದ್ದನಂತೆ, ಟೆಂಟ್ ಮಸ್ಕಿಗೆ ಬಂದದ್ದು ಪತ್ರಕ್ಕೆ ಗೊತ್ತಿಲ್ಲ. ಒಳಗೆ ಕೈ ತೋರಿಸಿದೆ.

ಅವನು ಮಂದಿ ನಡುವೆ ಹಾಯ್ದು ಅಕ್ಕನ ಹಿಂದೆ ಹೋಗಿ ನಿಂತ.

"ಅಕ್ಕಾ, ನಾ ಬಂದೀನಿ."

ಆಕೆ ತಿರುಗಲಿಲ್ಲ. "ಸುಮ್ನ ನಿಂದರೋ, ಅಂವ ಹೋಗಿಬಿಡತಾನ! ಮೊದಲ ಅವಂದು ಮುಗೀಲಿ."

"ಅಕ್ಕಾ, ನಾನು."

ಆಗ ತಿರುಗಿದಳು. ತಮ್ಮನ್ನ ನೋಡಿದಳು. ಪರದೆ ನೋಡಿದಳು. ಮತ್ತೆ ತಮ್ಮನ್ನ ನೋಡಿದಳು.

"ಹಂಗಾರ ಅಂವ ಯಾರು?"

ಟೆಂಟಿಗೆ ಟೆಂಟೇ ಬಿದ್ದು ಬಿದ್ದು ನಕ್ಕಿತು. ನಗುತ್ತಲೇ ಅಳುವವರೂ ಇದ್ದರು. ಆಕೆ ಒಂದು ಕೈಯಲ್ಲಿ ತಮ್ಮನ ಅಂಗಿ ಗಟ್ಟಿ ಹಿಡಿದಳು. ಹಿಡಿದುಕೊಂಡೇ ರೀಲು ಬಿಡುವವನಿಗೆ ಕೂಗಿ ಹೇಳಿದಳು. "ಯಾರರೆ ಇರಲಿ. ಅವನ ಅಕ್ಕನೂ ಎಲ್ಯರೆ ಕಾಯಾಕತ್ತಿರತಾಳ. ಆರತಿ ಅರ್ಧಕ್ಕ ನಿಲ್ಲಬಾರದು. ಮತ್ತೊಮ್ಮೆ ಹಾಕ್ರಿ!"

ರೀಲು ಮತ್ತೆ ಸುತ್ತಿ ಹಾಕಿದರು. ರೈಲು ಮತ್ತೆ ಬಂತು. ಮೀಸೆಯವನು ಮತ್ತೆ ಇಳಿದ. ಅವನ ಆರತಿ ಪೂರಾ ಆಯಿತು. ಆಮೇಲೆ ತಮ್ಮನದು. ಸಕ್ಕರೆ ಡಬ್ಬಿ ಸೆರಗಿನಲ್ಲೇ ಇತ್ತು, ಬಾಯಿ ತುಂಬ ಹಾಕಿದಳು. ಸಕ್ಕರೆ ತಿನ್ನುತ್ತಾ ಹುಡುಗ ನನ್ನ ಕಡೆ ನೋಡಿ ಅಂದ.

"ನೋಡ್ರಿ ಮಾವಾ, ಖರೇ ಯುದ್ಧಕ್ಕ ಹೋಗಿ ಬಂದೀನಿ. ಆರತಿ ಸಾಲಿನಾಗ ಎರಡನೇದವ."

ಪರದೆ ಒಗೆದರೂ ಕುಂಕುಮ ಹೋಗಲಿಲ್ಲ. ಟೆಂಟ್ ಸಿಂಧನೂರಿಗೆ ಹೋಯಿತು, ಕುಂಕುಮವೂ ಹೋಯಿತು. ಒಂದು ದಿನ ಹೀರೋನ ಮೊಣಕಾಲಿಗೆ, ಒಂದು ದಿನ ಕುದುರೆಯ ಹೊಟ್ಟೆಗೆ. ಒಮ್ಮೆ ಕಳ್ಳ ಬಂದು ನಿಂತ, ಅದು ಸರಿಯಾಗಿ ಅವನ ಹಣೆಗೇ ಬಂತು. ಮುಂದೆ ಕೂತ ಮುದುಕಿ ಅಂದಳು, "ಪಾಪ, ಒಳ್ಳೇ ಮನಿತನದಾವ ಇದ್ದಂಗ ಅದಾನ."

ಮುಂದೆ ಸಿಂಧನೂರಲ್ಲಿ ಕಲ್ಲಿನ ಟಾಕೀಜು ಎದ್ದಿತು. ಟೆಂಟ್ ಬಿಚ್ಚುವಾಗ ಮಾಲಕ ಪರದೆ ನನ್ನಾಕೆಗೆ ಕೊಟ್ಟ. ಆಕೆ ಕೌದಿ ಹೊಲಿದಳು.

ಆಕೆ ಹೋದ ಮರುದಿನ ಮುಂಜಾನೆ ಮನೆ ತುಂಬ ಮಂದಿ. ಸತ್ತವರ ಹಾಸಿಗೆ ಹೊದಿಕೆ ಅವರ ಸಂಗಡ ಕಳಿಸುವುದು ನಮ್ಮಲ್ಲಿ ರೂಢಿ. ಹಿರಿಯರೊಬ್ಬರು ಕೌದಿ ಮಡಚಲಿಕ್ಕೆ ಕೈ ಹಾಕಿದರು. ಆಕೆಯ ತಮ್ಮ ಮೂಲೆಯಲ್ಲಿ ಕೂತಿದ್ದ. ಈಗ ಅವನ ಮೀಸೆ ಪೂರಾ ಬಿಳಿ. ಕಲೆ ನೋಡಿ ಕಣ್ಣೀರಿನಲ್ಲೇ ಅಂದ, "ಅದನ್ನ ಒಯ್ಯಬ್ಯಾಡ್ರಿ. ಆ ಕುಂಕುಮ ನಂದಲ್ಲ, ಇನ್ನೊಬ್ಬರದು."

ನಾನು ಹಿರಿಯರ ಕೈಯಿಂದ ಕೌದಿ ತೆಗೆದುಕೊಂಡೆ. ಅಂಗಳಕ್ಕೆ ಹೋದೆ. ಆಗತಾನೇ ಬಿಸಿಲು ಬಿದ್ದಿತ್ತು. ಕುಂಕುಮದ ಮಗ್ಗಲು ಮೇಲೆ ಮಾಡಿ ಹಾಸಿದೆ.