ಬದನೆಕಾಯಿ ಬಂದ ದಾರಿ

ಬದನೆಕಾಯಿಯನ್ನು ನಂಬಿ ಊರು ಬಿಟ್ಟವಳು ಈ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಅದು ಗೊತ್ತಿಲ್ಲದ ಜನ ಈಗಲೂ ನನ್ನ ಹತ್ತಿರ ಬಂದು, "ಅಮ್ಮಾ, ನಮ್ಮೋರಿಗೆ ಬೆಂಗಳೂರಾಗೆ ಕೆಲ್ಸ ಸಿಕ್ಕೈತೆ. ಮನೆ ಎಲ್ಲಿ ಮಾಡಾನ, ಬಂಗಾರಪೇಟೆಲೋ ಮಾರಿಕುಪ್ಪದಾಗೋ?" ಎಂದು ಕೇಳುತ್ತಾರೆ. ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಇಷ್ಟು ವರ್ಷ ಕೂತವಳಿಗೆ ರೈಲಿನ ಮರ್ಮವೆಲ್ಲ ಗೊತ್ತಿರುತ್ತದೆ ಎಂದು ಅವರ ಎಣಿಕೆ. ಗೊತ್ತಿದೆ. ಆದರೆ ಗೊತ್ತಾದದ್ದು ಮನೆ ಬದಲಾಯಿಸಿದ ಮೇಲೆ.

ಚಿನ್ನದ ಗಣಿ ಸರ್ಕಾರದ ಕೈಗೆ ಬಂತಲ್ಲ, ಆ ವರ್ಷದ ಮಾತು. ನಮ್ಮ ಯಜಮಾನರು (ಹೆಸರು ಹೇಳುವ ಪದ್ಧತಿ ನಮ್ಮ ಮನೆಯಲ್ಲಿಲ್ಲ, ಊರವರು ಬಚ್ಚಪ್ಪಣ್ಣ ಅನ್ನುತ್ತಿದ್ದರು, ನೀವೂ ಹಾಗೇ ಅಂದುಕೊಳ್ಳಿ) ಮೊದಲು ಗಣಿಯಲ್ಲಿ ಬಡಗಿಯಾಗಿದ್ದರು. ಆಮೇಲೆ ಬೆಂಗಳೂರಿನಲ್ಲಿ ಕುರ್ಚಿ ಮೇಜು ಮಾಡುವ ಒಂದು ಕಾರ್ಖಾನೆ ಸೇರಿದರು. ನಮ್ಮ ಬಾಡಿಗೆ ಮನೆ ಮಾರಿಕುಪ್ಪಂ ಸ್ಟೇಷನ್ನಿಗೆ ಕೂಗಳತೆಯಲ್ಲಿತ್ತು. ರೈಲು ಹುಟ್ಟುವುದೇ ಅಲ್ಲಿ. ಬೆಳಗಿನ ಜಾವ ಖಾಲಿ ಗಾಡಿ ನಮ್ಮವರೊಬ್ಬರಿಗಾಗಿಯೇ ಕಾದಿರುವ ಹಾಗೆ ಹೊಗೆ ಬಿಡುತ್ತಾ ನಿಂತಿರುತ್ತಿತ್ತು. ಬೀದಿಯಲ್ಲಿ ನಲ್ಲಿ, ಮನೆಯೊಳಗೆ ಕರೆಂಟು ದೀಪ, ಎಬ್ಬಿಸುವುದಕ್ಕೆ ಗಣಿಯ ಸೈರನ್, ಅಲ್ಲಿಯವರ ಬಾಯಲ್ಲಿ ಸಂಗು. ಆ ಸಂಗು ಕೂಗಿದರೆ ಸತ್ತವರೂ ಒಂದು ಸಲ ಮಗ್ಗುಲು ಬದಲಾಯಿಸಬೇಕು, ಅಂಥದ್ದು. ಒಳಗೆಲ್ಲೋ ಬಂಡೆ ಸಿಡಿದರೆ ನಮ್ಮ ಅಡಿಗೆಮನೆಯ ಲೋಟಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದವು. ಅದೂ ಅಭ್ಯಾಸವಾಗಿತ್ತು.

ಕೊರತೆ ಇದ್ದದ್ದು ಒಂದೇ. ಅವರು ಹೊರಡುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಭಾನುವಾರ ಬಿಸಿಲಿನಲ್ಲಿ ನೋಡಿದಾಗ, ಓ, ಇವರ ಮೀಸೆ ನರೆತಿದೆಯಲ್ಲ ಎಂದುಕೊಳ್ಳುತ್ತಿದ್ದೆ. ಊಟಕ್ಕೆ ಕೂತರೆ ತುತ್ತು ಬಾಯಿಗೆ ಹೋಗುವ ಮೊದಲೇ ಕಣ್ಣು ಮುಚ್ಚಿಹೋಗುತ್ತಿತ್ತು.

ಆದರೆ ಚೀಲ ಮಾತ್ರ ತುಂಬಿರುತ್ತಿತ್ತು. ಒಂದು ದಿನ ಬದನೆಕಾಯಿ, ಒಂದು ದಿನ ಅವರೆಕಾಯಿ, ಒಂದು ದಿನ ಹುರುಳಿಕಾಯಿ, ಹಬ್ಬ ಬಂದರೆ ಕನಕಾಂಬರ. ಕೊಟ್ಟವರು ಯಾರೆಂದರೆ ಬೆಂಗಳೂರಿನ ದಾರಿಯಲ್ಲಿ ಸಿಗುವ ಬಂಗಾರಪೇಟೆಯವರು. ಅಲ್ಲಿ ಹತ್ತುವ ಕೋದಂಡಪ್ಪ ಎನ್ನುವ ತೋಟದವರು, ಇನ್ನೂ ಯಾರ್‍ಯಾರೋ.

"ಯಾಕೆ ಕೊಡ್ತಾರೆ?" ಎಂದು ಮೊದಮೊದಲು ಕೇಳಿದ್ದೆ.

"ನನ್ ಮೇಲೆ ಅಭಿಮಾನ" ಎಂದು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಒಬ್ಬ ಬಡಗಿಯ ಮೇಲೆ ಒಂದು ಊರಿಗೆ ಊರೇ ಅಭಿಮಾನ ಇಟ್ಟಿದೆ ಎಂದರೆ ಹೆಂಡತಿಯಾದವಳಿಗೆ ಹೇಗಿರಬೇಡ? ಸೊಪ್ಪು ಬಿಡಿಸುವಾಗ ಪಕ್ಕದ ಮನೆಯ ಪಾಪಕ್ಕನಿಗೆ ಕೇಳುವ ಹಾಗೆ ಹೇಳುತ್ತಿದ್ದೆ. ಬೇಸರದ ಸಂಗತಿ ಏನೆಂದರೆ, ಬೆಳಿಗ್ಗೆ ಬಂಗಾರಪೇಟೆಯಲ್ಲಿ ಚೀಲಕ್ಕೆ ಬಿದ್ದ ಬದನೆಕಾಯಿ ಬೆಂಗಳೂರಿಗೆ ಹೋಗಿ, ಕಾರ್ಖಾನೆಯಲ್ಲಿ ಒಂದು ದಿನ ಕಳೆದು, ಸಂಜೆ ನನ್ನ ಹತ್ತಿರ ಬರುವ ಹೊತ್ತಿಗೆ ಬಾಡಿರುತ್ತಿತ್ತು. (ನನ್ನ ಬದನೆಕಾಯಿಗಳೆಲ್ಲ ಬೆಂಗಳೂರು ನೋಡಿದ್ದವು. ನಾನು ನೋಡಿರಲಿಲ್ಲ.) ಹಾಗೆ ಒಂದು ಬಾಡಿದ ಬದನೆಕಾಯಿಯನ್ನು ಹೆಚ್ಚುವಾಗಲೇ ನನಗೆ ಜ್ಞಾನೋದಯವಾದದ್ದು.

"ನಾವು ಬಂಗಾರಪೇಟೆಗೆ ಓಗ್ಬಿಡಾನ" ಎಂದೆ.

ಅವರ ಕೈಯಲ್ಲಿ ಮುದ್ದೆಯ ತುತ್ತು ಹಾಗೇ ನಿಂತಿತು. "ಯಾಕೆ, ಇಲ್ಲೇನು ಬಂತು?"

"ಬೆಳಿಗ್ಗೆ ಇನ್ನೊಂದು ಗಳಿಗೆ ಮಲಗ್ಬೋದು. ಸಂಜೆ ದೀಪ ಅಚ್ಚೋ ಒತ್ಗೆ ಬಂದ್ಬಿಡ್ತೀರ."

"ಅಲ್ಲಿ ನಲ್ಲಿ ಇಲ್ಲ ಕಣೆ. ಬಾವಿ ಸೇದ್ಬೇಕು."

"ಸೇದ್ತೀನಿ. ನನ್ ಕೈಯೇನು ಬಿದ್ದೋಗಿಲ್ಲ."

"ಕರೆಂಟಿಲ್ಲ."

"ಕರೆಂಟಿನ ಬೆಳಕಾಗೆ ನಿಮ್ಮ ಮಕ ನೋಡಿದ್ದು ಸಾಕು. ಒಸಿ ಬಿಸ್ಲಾಗೆ ನೋಡ್ತೀನಿ."

"ಅದು ಅಂಗಲ್ಲ ಕಣೆ. ರೈಲಾಗೆ..." ಎಂದು ನಿಲ್ಲಿಸಿದರು.

"ರೈಲಾಗೆ ಏನು?"

"ಏನಿಲ್ಲ. ಸಾರು ಬಿಡು."

ಸಾರು ಬಿಟ್ಟೆ, ಮಾತು ಬಿಡಲಿಲ್ಲ. "ಊರೆಲ್ಲ ನಿಮ್ ಮೇಲೆ ಅಷ್ಟು ಅಭಿಮಾನ ಇಟ್ಕಂಡೈತೆ. ಅಂಥ ಜನರ ಮಧ್ಯೆ ಇರಾಕೆ ಯಾಕೆ ಇಂದೇಟು?"

ಅವರು ಮುದ್ದೆಯನ್ನು ಸಾರಿಗೆ ಅದ್ದಿ ನುಂಗಿದರು. ಇದ್ದ ಜವಾಬನ್ನು ಅವರು ಹೇಳುವ ಹಾಗಿರಲಿಲ್ಲ ಎನ್ನುವುದು ನನಗೆ ಆಮೇಲೆ ತಿಳಿಯಿತು. ಆ ದಿನ ಅದನ್ನೇ ಒಪ್ಪಿಗೆ ಎಂದುಕೊಂಡೆ.

ಮನೆ ಬಿಡುವಾಗ ನಾನೊಂದು ಧರ್ಮಕಾರ್ಯವನ್ನೂ ಮಾಡಿದೆ. ಪಾಪಕ್ಕನ ಗಂಡ ಮುನಿಶಾಮಿಗೂ ಆಗಷ್ಟೇ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಅವರಿದ್ದದ್ದು ಮಳೆ ಬಂದರೆ ಪಾತ್ರೆ ಹಿಡಿಯಬೇಕಾದ ಮನೆ. ಓನರ್ ಹತ್ತಿರ ನಾನೇ ಹೋಗಿ, ಬಹಳ ಒಳ್ಳೆಯ ಜನ ಎಂದು ಹೇಳಿ, ನಮ್ಮ ಮನೆಯನ್ನು ಅವರಿಗೇ ಕೊಡಿಸಿದೆ. ಪಾಪಕ್ಕ ಅತ್ತುಬಿಟ್ಟಳು. "ಅಕ್ಕಾ, ಈ ಉಪಕಾರ ಎಂಗೆ ತೀರ್ಸಲಿ" ಎಂದಳು. ತೀರಿಸಿದಳು, ಅದು ಮುಂದೆ ಬರುತ್ತದೆ.

ಬಂಗಾರಪೇಟೆಗೆ ಬಂದೆವು. ಮೊದಲ ದಿನವೇ ತರಕಾರಿಯ ಮಂಕರಿಯನ್ನು ತೊಳೆದು ಬಾಗಿಲ ಪಕ್ಕದಲ್ಲಿಟ್ಟೆ. ಅಭಿಮಾನಿಗಳು ಬಂದಾಗ ತಡಕಾಡಬಾರದಲ್ಲ. ಒಂದು ವಾರ ಮಂಕರಿಯೊಳಗೆ ಪಕ್ಕದ ಮನೆಯ ಬೆಕ್ಕು ಮಲಗಿತು.

ಆಮೇಲೊಂದು ಬೆಳಿಗ್ಗೆ ಕೋದಂಡಪ್ಪನವರು ನಮ್ಮ ಬೀದಿಯಲ್ಲೇ ಸ್ಟೇಷನ್ನಿಗೆ ಹೋಗುತ್ತಿದ್ದವರು ನನ್ನನ್ನು ಕಂಡು ನಿಂತರು. ಸಾವಿನ ಮನೆಗೆ ಬಂದವರ ಹಾಗೆ ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು.

"ಇದೇನಮ್ಮಾ, ಇಂಗ್ ಮಾಡ್ಬಿಟ್ರಿ. ಬಚ್ಚಪ್ಪಣ್ಣ ಅಲ್ಲಿದ್ರೇನೇ ನಮಗೆಲ್ಲ ಚೆಂದಾಗಿತ್ತು."

ಅವರ ಚೀಲದಿಂದ ಬದನೆಕಾಯಿಯ ತೊಟ್ಟೊಂದು ಇಣುಕುತ್ತಿತ್ತು. ನಾನು ಅದನ್ನೇ ನೋಡಿದೆ. ನಾನು ನೋಡುವುದನ್ನು ಅವರು ನೋಡಿದರು. ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿ, "ಗಾಡಿಗೆ ಒತ್ತಾಯ್ತು" ಎಂದು ಹೊರಟೇ ಹೋದರು.

ಯಜಮಾನರ ಚೀಲದಲ್ಲೂ ಈಗ ಬುತ್ತಿಯ ಡಬ್ಬಿ ಬಿಟ್ಟರೆ ಬೇರೇನಿಲ್ಲ. ಮನೆಗೆ ಬೇಗ ಬರುತ್ತಿದ್ದರು ನಿಜ. ಬಂದವರು ಬಿಸಿಲಿಗೆ ಮುಖ ತೋರಿಸುವ ಬದಲು ಗೋಡೆಗೆ ಕಾಲು ಮೇಲೆತ್ತಿ ಮಲಗಿ, "ಒಸಿ ಎಣ್ಣೆ ತಗಂಬಾ, ಮೀನಖಂಡ ಇಡ್ಕಂಡೈತೆ" ಎನ್ನುತ್ತಿದ್ದರು. ಕೇಳಿದರೆ, "ಕೆಲ್ಸ ಜಾಸ್ತಿ." ಅಭಿಮಾನ ಏನಾಯಿತು ಎಂದು ಕೇಳಿದರೆ, "ಬೆಳೆ ಕಮ್ಮಿ."

ಒಂದು ದಿನ ಬುತ್ತಿಯ ಡಬ್ಬಿ ಮರೆತು ಹೋದರು. ಎತ್ತಿಕೊಂಡು ಸ್ಟೇಷನ್ನಿಗೆ ಓಡಿದೆ. ಮಾರಿಕುಪ್ಪಂ ಗಾಡಿ ಆಗಷ್ಟೇ ಬಂದು ನಿಲ್ಲುತ್ತಿತ್ತು. ಕಿಟಕಿಯಲ್ಲಿ ನೋಡುತ್ತೇನೆ, ಬೆಂಚಿನ ಉದ್ದಕ್ಕೂ ಟವಲುಗಳನ್ನು ಒಗೆದು ಒಣಗಹಾಕಿದ ಹಾಗೆ ಹಾಸಿದೆ. ಮಧ್ಯದಲ್ಲಿ ಪಾಪಕ್ಕನ ಗಂಡ ಮುನಿಶಾಮಿ, ಪಟ್ಟಾಭಿಷೇಕವಾದವನ ಹಾಗೆ ಕೂತಿದ್ದಾನೆ. ಬಂಗಾರಪೇಟೆಯವರು ಒಬ್ಬೊಬ್ಬರಾಗಿ ಹತ್ತಿದರು, ತಮ್ಮತಮ್ಮ ಟವಲು ಎತ್ತಿಕೊಂಡರು, ಕೂತರು. ಕೋದಂಡಪ್ಪನವರು ಕೂತು, ಚೀಲ ಬಿಚ್ಚಿ, ಎಳೆಯ ಬದನೆಕಾಯಿಗಳನ್ನು ಮುನಿಶಾಮಿಯ ಮಡಿಲಿಗೆ ಸುರಿದರು.

ನಮ್ಮವರೆಲ್ಲಿ ಎಂದು ಹುಡುಕಿದೆ. ಬಾಗಿಲ ಹತ್ತಿರ ನಾಲ್ಕು ಜನರ ನಡುವೆ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತಿದ್ದರು. ದಿನವಿಡೀ ಬೆಂಗಳೂರಿನವರಿಗೆಲ್ಲ ಕುರ್ಚಿ ಮಾಡಿಕೊಡುವ ಮನುಷ್ಯ.

"ಏನಪ್ಪ ಮುನಿಶಾಮಿ, ಏನಿದೆಲ್ಲ?" ಎಂದು ಕಿಟಕಿಯಿಂದ ಕೇಳಿದೆ.

"ಅಣ್ಣ ನಡೆಸ್ತಿದ್ದ ಪದ್ಧತಿನೇ ಅಕ್ಕ" ಎಂದು ಅವನು ಭಕ್ತಿಯಿಂದ ಹೇಳಿದ. "ಅಲ್ಲಿ ಗಾಡಿ ಖಾಲಿ ಇರ್ತದಲ್ಲ, ಇವ್ರ ಟವಲೆಲ್ಲ ನಾನು ಆಸ್ಕೊಂಡು ಬತ್ತೀನಿ. ಇವ್ರು ಕೈಲಾದ್ದು ಕೊಡ್ತಾರೆ. ಅಣ್ಣಂಗೂ ಒಂದು ಆಕ್ತೀನಿ ಅಂದೆ, ಬೇಡ ಅಂದ್ಬಿಟ್ರು."

ಗಾಡಿ ಹೊರಟಿತು. ಬುತ್ತಿ ನನ್ನ ಕೈಯಲ್ಲೇ ಉಳಿಯಿತು.

ಸಂಜೆ ಅವರು ಕಾಲು ಎತ್ತಿ ಮಲಗುವುದಕ್ಕೂ ನಾನು ಬಿಡಲಿಲ್ಲ. "ಅಭಿಮಾನ ಅಂದ್ರಲ್ಲ?"

"ಅಭಿಮಾನನೇ. ಟವಲ್ ಮೇಲೆ ಇತ್ತು."

"ಮೊದಲೇ ಏಳಿದ್ರೆ ನಾನು ಆ ಮನೆ ಬಿಡ್ತಿದ್ನಾ? ಬಾಯಿಗೇನಾಗಿತ್ತು?"

ಅವರು ಸ್ವಲ್ಪ ಹೊತ್ತು ಲಾಂದ್ರದ ಬತ್ತಿ ಸರಿಮಾಡಿದರು. ಅದು ಸರಿಯಾಗಿಯೇ ಇತ್ತು. "ಚೀಲ ಬಿಚ್ದಾಗ ಒಂದ್ಸಲ ಬದ್ನೆಕಾಯಿ ನೋಡಿ, ಒಂದ್ಸಲ ನನ್ ಮಕ ನೋಡ್ತಿದ್ದೆ. ಅಮಲ್ದಾರ್ರನ್ನ ನೋಡ್ದಂಗೆ. ಮದ್ವೆಯಾದಾಗಿಂದ ಅಂಗೆ ನೋಡಿರ್ಲಿಲ್ಲ ನೀನು. ಎಂಗ್ ಏಳ್ಲಿ?"

ಜಗಳ ಆಡುವುದಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದವಳು ಸುಮ್ಮನೆ ಎಣ್ಣೆ ತರುವುದಕ್ಕೆ ಒಳಗೆ ಹೋದೆ.

ಆದರೆ ಕಾಲು ತಿಕ್ಕುತ್ತಾ ಒಂದು ತೀರ್ಮಾನ ಮಾಡಿದೆ. ಹೇಗಾದರೂ ಆ ಮನೆ ವಾಪಸು ಪಡೆಯಬೇಕು. ಉಪಕಾರ ತೀರಿಸುತ್ತೇನೆ ಎಂದಿದ್ದಳಲ್ಲ, ಕೇಳಿಯೇ ಬಿಡೋಣ ಎಂದು ಮಾರನೆಯ ದಿನ ಮಧ್ಯಾಹ್ನದ ಗಾಡಿಗೆ ಮಾರಿಕುಪ್ಪಂಗೆ ಹೋದೆ.

"ವಾ ಅಕ್ಕಾ, ಉಕ್ಕಾರು" ಎಂದು ತಮಿಳಿನಲ್ಲೇ ಕೂರಲು ಹೇಳಿ ಪಾಪಕ್ಕ ಮಣೆ ಹಾಕಿದಳು. ನನ್ನ ನಲ್ಲಿಯಲ್ಲಿ ಅವಳ ಕೊಡ ತುಂಬುತ್ತಿತ್ತು. ನನ್ನ ದೀಪ ಅವಳ ಗೋಡೆಯ ಮೇಲಿತ್ತು. ನನ್ನ ಮುಂದೆ ಬಿಸಿ ಮುದ್ದೆ, ಅದರ ಪಕ್ಕಕ್ಕೆ ಎಣ್ಣೆ ತೇಲುವ ಬದನೆಕಾಯಿ ಎಸರು ಇಟ್ಟಳು. ಕೋದಂಡಪ್ಪನವರ ತೋಟದ ಕಾಯಿ. ಬಾಯಿಗಿಟ್ಟ ಕೂಡಲೇ ನನಗೆ ಗುರುತು ಸಿಕ್ಕಿತು.

"ಅಕ್ಕಾ, ಒಂದು ಮಾತು" ಎಂದು ಪಾಪಕ್ಕ ಹತ್ತಿರ ಸರಿದು ಕೂತಳು. "ಬಂಗಾರಪೇಟೆ ಜನ ಎಷ್ಟು ಒಳ್ಳೇರಕ್ಕ. ನಮ್ಮೋರ ಮೇಲೆ ಏನು ಅಭಿಮಾನ, ಏನು ಅಭಿಮಾನ. ದಿನಾ ಚೀಲ ತುಂಬಿಸ್ ಕಳಿಸ್ತಾರೆ. ಅಣ್ಣಂಗೆ ಕೂಡ ಇಷ್ಟು ಕೊಡ್ತಿರ್ಲಿಲ್ವಂತೆ. ಅದಕ್ಕೆ ನಾನು ಇವ್ರ ಪ್ರಾಣ ತಿಂತಾ ಇದ್ದೀನಿ, ಈ ಮನೆ ಬಿಟ್ಟು ನಾವೂ ಅಲ್ಲಿಗೇ ಓಗ್ಬಿಡಾನ ಅಂತ. ಮುಂದಿನ ತಿಂಗ್ಳು ಒಪ್ಕಂಡವ್ರೆ."

ಓದುವವರೇ, ಇಲ್ಲಿ ಸ್ವಲ್ಪ ನಿಲ್ಲಿ. ನಾನು ಬಾಯಿ ಬಿಟ್ಟು ಕೇಳಬೇಕಾಗಿಯೂ ಇರಲಿಲ್ಲ. ದೇವರು ಮನೆಯನ್ನು ತಟ್ಟೆಯಲ್ಲಿಟ್ಟು, ಪಕ್ಕಕ್ಕೆ ಎಸರನ್ನೂ ಬಡಿಸಿದ್ದ. ನಾನು ಮಾಡಬೇಕಾದದ್ದು ಇಷ್ಟೇ: ತುತ್ತು ನುಂಗಿ, "ಬಾ ತಾಯಿ, ಒಳ್ಳೆ ಊರು" ಎನ್ನುವುದು. ಮುಂದಿನ ತಿಂಗಳು ನನ್ನ ನಲ್ಲಿ ನನಗೆ, ಯಜಮಾನರ ಬೆಂಚು ಯಜಮಾನರಿಗೆ.

ಆದರೆ "ಅಣ್ಣಂಗೆ ಕೂಡ ಇಷ್ಟು ಕೊಡ್ತಿರ್ಲಿಲ್ವಂತೆ" ಎಂದಳಲ್ಲ. ಮುದ್ದೆ ಇಳಿಯಿತು, ಆ ಮಾತು ಇಳಿಯಲಿಲ್ಲ.

"ಅಭಿಮಾನ ಅಂತೆ, ಅಭಿಮಾನ" ಎಂದೆ. "ಅದೇನು ನಿನ್ ಗಂಡನ ಮಕ ನೋಡಿ ಕೊಡ್ತಾರೆ ಅಂದ್ಕಂಡಿದ್ದೀಯಾ? ಟವಲಿಗೆ ಕಣೆ ಕೊಡೋದು, ಟವಲಿಗೆ" ಎಂದು ಶುರುಮಾಡಿ, ಖಾಲಿ ಗಾಡಿಯಿಂದ ಹಿಡಿದು ಮಡಿಲಿಗೆ ಸುರಿದ ಬದನೆಕಾಯಿಯವರೆಗೆ ಒಂದೂ ಬಿಡದೆ ವಿವರಿಸಿದೆ. ಎಷ್ಟು ಚೆನ್ನಾಗಿ ವಿವರಿಸಿದೆನೆಂದರೆ ಮಧ್ಯದಲ್ಲಿ ನನಗೇ ಖುಷಿಯಾಯಿತು. ಅವಳ ಮುಖ ಬಾಡುವುದನ್ನು ಕಾಣಬೇಕೆಂದು ಕಾದೆ.

ಬಾಡಲಿಲ್ಲ. ಪಾಪಕ್ಕ ಯೋಚನೆ ಮಾಡಿದಳು. ಎದ್ದು ಹೋಗಿ ತುಂಬಿದ ಕೊಡವನ್ನು ಒಳಗಿಟ್ಟು ಬಂದಳು.

"ಅಂಗಾ ಸಮಾಚಾರ. ಅಂಗಾದ್ರೆ ಈ ಮನೆ ಬಿಡೋ ಮಾತೇ ಇಲ್ಲ" ಎಂದಳು. "ಒಳ್ಳೆ ಒತ್ನಲ್ಲಿ ಬಂದು ಏಳ್ದೆ ಅಕ್ಕ. ದೇವರು ಬಂದಂಗೆ ಬಂದೆ." ಆಮೇಲೆ ನನ್ನ ತಟ್ಟೆಗೆ ಇನ್ನೊಂದು ಸೌಟು ಎಸರು ಬಿಟ್ಟು, "ಅಣ್ಣಂಗೂ ಒಂದು ಟವಲು ಆಕ್ಸ್ತೀನಿ ಬಿಡು. ನೀನು ಬರೀ ಬದ್ನೆಕಾಯಿ ಕಳ್ಸಿದ್ರೆ ಸಾಕು, ಬೇರೇನೂ ಬೇಡ" ಎಂದಳು. ಉಪಕಾರ ತೀರಿತು.

ಮನೆಗೆ ಬಂದು ಹಿತ್ತಲಲ್ಲಿ ಬದನೆ ಸಸಿ ನೆಟ್ಟೆ. ಯಜಮಾನರು ಮೊದಲು ಮುಖ ಊದಿಸಿಕೊಂಡರು, ತಾವು ಕೂರಿಸುತ್ತಿದ್ದ ಜಾಗದಲ್ಲಿ ಇನ್ನೊಬ್ಬ ತಮ್ಮನ್ನು ಕೂರಿಸುವುದೇ ಎಂದು. ಕಾಲುನೋವು ಅವರ ಪರವಾಗಿ ಒಪ್ಪಿಕೊಂಡಿತು. "ಬಿಟ್ಟಿ ಕೂರಲ್ಲ, ಕೊಟ್ಟು ಕೂರ್ತೀನಿ" ಎಂದು ಸಮಾಧಾನ ಮಾಡಿಕೊಂಡರು.

ಕೊಡಬೇಕಾದರೆ ಗಿಡ ಕಾಯಿ ಬಿಡಬೇಕು, ಗಿಡಕ್ಕೆ ನೀರು ಬೇಕು. ನಾನು ಸೇದುತ್ತೇನೆ ಎಂದರೆ ಅವರು ಬಿಡುತ್ತಿರಲಿಲ್ಲ. "ಕೂರೋನು ನಾನು. ನೀರು ನಾನೇ ಆಕ್ತೀನಿ." ಮಾರಿಕುಪ್ಪಂನಲ್ಲಿ ಸಂಗು ಕೂಗುವ ಹೊತ್ತಿಗೆ ಸರಿಯಾಗಿ ಇಲ್ಲಿ ನಮ್ಮ ಬಾವಿಯ ರಾಟೆ ಕಿರುಗುಟ್ಟುತ್ತಿತ್ತು. ನಾನು ಚಾಪೆಯಲ್ಲಿ ಮಲಗಿ ಕೇಳಿಸಿಕೊಳ್ಳುತ್ತಿದ್ದೆ. ಅವರಿಗೆಂದು ನಾನು ಉಳಿಸಿಕೊಟ್ಟ ಆ ಒಂದು ಗಳಿಗೆಯ ನಿದ್ದೆಯನ್ನು, ಕೊಡಕೊಡವಾಗಿ, ಬದನೆ ಗಿಡಗಳು ಕುಡಿದವು. ಕಾಯಿ ಚೆನ್ನಾಗಿಯೇ ಬಂತು. ದಿನಾ ಬೆಂಗಳೂರು ನೋಡಿಕೊಂಡು ಪಾಪಕ್ಕನ ಮನೆ ಸೇರಿತು.

ಅವರು ತೀರಿಕೊಂಡು ಈಗ ಕೆಲವು ವರ್ಷವಾಯಿತು. ಕೆಲಸಕ್ಕೆ ಹೋಗುತ್ತಿದ್ದ ಕೊನೆಯ ದಿನಗಳಲ್ಲಿ ಒಮ್ಮೆ ಕೆಮ್ಮು ಜಾಸ್ತಿ ಎಂದು ಚೀಲ ಹಿಡಿದು ಸ್ಟೇಷನ್ನಿನವರೆಗೆ ಜೊತೆಯಲ್ಲಿ ಹೋಗಿದ್ದೆ. ಹತ್ತಿದರು, ಬದನೆಕಾಯಿ ಕೊಟ್ಟರು, ಟವಲು ಎತ್ತಿ ಹೆಗಲಿಗೆ ಹಾಕಿಕೊಂಡು ಕೂತರು. ಬುತ್ತಿ ಜೋಪಾನ ಎಂದು ಹೇಳೋಣವೆಂದು ಕಿಟಕಿಯ ಹತ್ತಿರ ಹೋದೆ. ಗಾಡಿ ಇನ್ನೂ ಹೊರಟಿರಲಿಲ್ಲ, ಅವರಾಗಲೇ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಬೆಳಗಿನ ಬಿಸಿಲು ಮುಖದ ಮೇಲೆ ನೇರವಾಗಿ ಬಿದ್ದಿತ್ತು, ಮೀಸೆ ಪೂರ್ತಿ ಬೆಳ್ಳಗಾಗಿತ್ತು.

ಆ ನಿದ್ದೆಯನ್ನು ಮನೆಯಲ್ಲಿ ಮಾಡಲಿ ಎಂದು ನಾನು ಊರು ಬಿಟ್ಟು ಬಂದದ್ದು. ಎಬ್ಬಿಸಬಾರದೆಂದು ಏನೂ ಹೇಳದೆ, ಗಾಡಿ ಹೋಗುವವರೆಗೆ ಕಿಟಕಿಯ ಹೊರಗೆ ನಿಂತೇ ಇದ್ದೆ.