ಹೊಗೆ ಕಾಣದ ಒಲೆ

ಸಿಪ್ರಿಯನ್ ತೀರಿಹೋದ ಮೇಲೆ ಜೆಪ್ಪುವಿನ ಆ ಮನೆಯಲ್ಲಿ ಡುಲ್ಸಿನ್ ಬಾಯಿಯವರ ಸಾಮ್ರಾಜ್ಯಕ್ಕೆ ಉಳಿದದ್ದು ಎರಡೇ: ಗಂಡ ತಗಡಿನ ಡಬ್ಬಿಯಲ್ಲಿ ಮಾಡಿಕೊಟ್ಟಿದ್ದ ಮರದ ಹುಡಿಯ ಒಲೆ, ಮತ್ತು ಸೊಸೆ ಜಾಯ್ಸಳ ಅಡುಗೆಯಲ್ಲಿ ಕೊಂಕು ತೆಗೆಯುವ ಹಕ್ಕು.

ಆ ಒಲೆ ಉರಿದರೆ ತಲೆನೋವು ಬರುತ್ತದೆ ಎಂದು ಜಾಯ್ಸ್ ಹೇಳುತ್ತಿದ್ದಳು. (ಕೆಲಸ ಕಂಡರೆ ಬರುವ ತಲೆನೋವು ಎಂಬುದು ಅತ್ತೆಯ ರೋಗನಿರ್ಣಯ.) ವಾಮಂಜೂರಿನ ಕಾಲೇಜಿನಿಂದ ಜ್ಯೋತ್ಸ್ನಾ ಎಂಬ ಹುಡುಗಿ ಮನೆಮನೆಯ ಒಲೆ ಉಗುಳುವ ಅನಿಲ ಅಳೆಯಲು ಬರುತ್ತಾಳೆಂದು ತಿಳಿದದ್ದೇ ಡುಲ್ಸಿನ್ ಬಾಯಿ ಪಂಥ ಕಟ್ಟಿದರು.

"ನನ್ನ ಒಲೆಯಲ್ಲಿ ದೋಷ ಕಂಡರೆ ಅವತ್ತಿನಿಂದಲೇ ನಿನ್ನ ಗ್ಯಾಸಿನ ಅಡುಗೆ ತಿನ್ನುತ್ತೇನೆ. ಕ್ರಿಸ್ಮಸ್ ತನಕ ಒಂದು ಕೊಂಕು ತೆಗೆಯುವುದಿಲ್ಲ. ಕಾಣದಿದ್ದರೆ ನೀನು ಒಲೆಯ ಸುದ್ದಿಗೆ ಬರಬಾರದು."

"ಆಯ್ತು ಮಾಂಯ್," ಎಂದಳು ಜಾಯ್ಸ್.

ಎರಡು ದಿನ ಅಂಗಳದಲ್ಲಿ ಮರದ ಹುಡಿ ಒಣಗಿತು. ಡುಲ್ಸಿನ್ ಬಾಯಿ ಒಲೆಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹುಡಿಯನ್ನು ಗುದ್ದಿ ಗುದ್ದಿ ತುಂಬಿದರು. ಬಾಟಲಿ ಎಳೆದಾಗ ಅದರ ತೂತು ಬಾವಿಯಂತೆ ನಿಂತಿತು. ಗಾಳಿ ಹೊಕ್ಕು ಹೊಗೆ ಎಬ್ಬಿಸಬಾರದೆಂದು ಅಡುಗೆಮನೆಯ ಕಿಟಕಿ ಮುಚ್ಚಿ, ಬಾಗಿಲಡಿಗೆ ಗೋಣಿ ತುರುಕಿದರು.

ಹುಡುಗಿ ಬಂದಾಗ ಒಲೆ ಕೆಂಪಗೆ ಕೆಂಡವಾಗಿತ್ತು, ಹೊಗೆಯ ಎಳೆಯೂ ಇರಲಿಲ್ಲ. ಡುಲ್ಸಿನ್ ಬಾಯಿ ಮದುಮಗನ ತಾಯಿಯಂತೆ ನಿಂತರು. ಜ್ಯೋತ್ಸ್ನಾ ಅಂಗೈಯಗಲದ ಯಂತ್ರ ಹಿಡಿದಳು. ಅದು ಕೂಗಿತು. ಕೂಗುತ್ತಲೇ ಇತ್ತು. ಹುಡುಗಿ ಓಡಿಹೋಗಿ ಕಿಟಕಿ ತೆರೆದಳು.

"ಹೊಗೆ ಎಲ್ಲುಂಟು, ತೋರಿಸು."

"ಇದು ಕಾಣುವ ಹೊಗೆ ಅಲ್ಲ ಆಂಟಿ, ಕಾರ್ಬನ್ ಮೊನಾಕ್ಸೈಡ್. ವಾಸನೆಯೂ ಇಲ್ಲ. ಹೀಗೆ ಮುಚ್ಚಿ ಕೂತರೆ ಪ್ರಾಣಕ್ಕೇ ಅಪಾಯ."

"ಎಂತ ಅಪಾಯ? ಮೂವತ್ತು ವರ್ಷ ಅವರು ಇದರ ಪಕ್ಕದಲ್ಲೇ ಕೂತು ಚಾ ಕುಡಿದದ್ದು..."

ಡುಲ್ಸಿನ್ ಬಾಯಿಯವರ ಕಣ್ಣು ಸಿಪ್ರಿಯನ್ ಕೂರುತ್ತಿದ್ದ ಮೂಲೆಗೆ ಹೋಯಿತು; ಆಮೇಲೆ ಅವರೇ ಬಟ್ಟೆ ತಂದರು. ಒಂದು ಹಿಡಿಗೆ ಅತ್ತೆ, ಇನ್ನೊಂದಕ್ಕೆ ಸೊಸೆ ಬಟ್ಟೆ ಸುತ್ತಿ ಹಿಡಿದು, ಒಲೆಯನ್ನು ಅಂಗಳಕ್ಕೆ ಒಯ್ದು ನೀರು ಸುರಿದರು. ಶವಯಾತ್ರೆಯಲ್ಲಿ ಇಬ್ಬರೇ ಇದ್ದರು.

ಮಧ್ಯಾಹ್ನ ಗ್ಯಾಸಿನ ಮೇಲೆ ಬಂಗುಡೆ ಮೀನಿನ ಸಾರು ಕುದಿಯಿತು. ಮೊದಲ ತುತ್ತಿಗೇ ತಿಳಿಯಿತು: ಗಡಿಬಿಡಿಯಲ್ಲಿ ಜಾಯ್ಸ್ ಉಪ್ಪೇ ಹಾಕಿರಲಿಲ್ಲ. ನಾಲಗೆಯ ತುದಿಗೆ ಬಂದದ್ದನ್ನು ಡುಲ್ಸಿನ್ ಬಾಯಿ ತುತ್ತಿನ ಜತೆಗೇ ನುಂಗಿದರು.

"ಹೇಗುಂಟು ಮಾಂಯ್?"

"ಒಳ್ಳೆದುಂಟು."

ಹತ್ತು ವರ್ಷದಲ್ಲಿ ಮೊದಲ ಸಲ ಆ ಮಾತು ಕೇಳಿದ ಜಾಯ್ಸಳ ಕಣ್ಣು ತುಂಬಿತು. ಇನ್ನೆರಡು ಮೀನು, ಮೇಲೆ ಎರಡು ಸೌಟು ಸಾರು ಬಡಿಸಿದಳು. ನಿಮಗೆ ಅಷ್ಟು ಸೇರಿದರೆ ಉಳಿದದ್ದನ್ನೆಲ್ಲ ನಿಮಗೇ ಎತ್ತಿಡುತ್ತೇನೆ ಎಂದಳು.